ಬಾಲ್ಯಾನುಭವ ಮತ್ತು ಹಣದ ವಿವೇಕ

ಪೀಠಿಕೆ

ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ನಾಲ್ಕು ಪುರುಷಾರ್ಥಗಳಲ್ಲಿ ನಮ್ಮ ಪೂರ್ವಿಕರು ಅರ್ಥಕ್ಕೂ ಒಂದು ಗೌರವದ ಸ್ಥಾನವನ್ನು ಕೊಟ್ಟಿದ್ದಾರೆ. ಹಣವನ್ನು ನ್ಯಾಯವಾಗಿ ಗಳಿಸುವುದು, ಮಿತವಾಗಿ ವ್ಯಯಿಸುವುದು, ಉಳಿದುದನ್ನು ವಿವೇಕದಿಂದ ತೊಡಗಿಸುವುದು ಗೃಹಸ್ಥನ ಕರ್ತವ್ಯಗಳೆಂದು ಎಣಿಸಲಾಗಿದೆ. ಇದಕ್ಕೆ ಬೇಕಾದ ಲೆಕ್ಕವನ್ನು ನಾವು ಶಾಲೆಯಲ್ಲಿ ಕಲಿಸುತ್ತಲೇ ಬಂದಿದ್ದೇವೆ. ಸರಳಬಡ್ಡಿ, ಚಕ್ರಬಡ್ಡಿ, ಲಾಭನಷ್ಟ, ಪಾಲುದಾರಿಕೆಯ ಲೆಕ್ಕಗಳನ್ನು ಮಾಡದೆ ಯಾವ ವಿದ್ಯಾರ್ಥಿಯೂ ಪ್ರೌಢಶಾಲೆಯನ್ನು ದಾಟುವುದಿಲ್ಲ.

ಆದರೂ ಒಂದು ಸಂಗತಿಯನ್ನು ಅಧ್ಯಾಪಕರೆಲ್ಲರೂ ಗಮನಿಸಿರಬಹುದು. ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಚಕ್ರಬಡ್ಡಿಯ ಲೆಕ್ಕವನ್ನು ಬಿಡಿಸಿದ ಇಬ್ಬರಲ್ಲಿ ಒಬ್ಬನು ದೊಡ್ಡವನಾದ ಮೇಲೆ ಬ್ಯಾಂಕನ್ನು ಸಹ ನಂಬದೆ ಬಂಗಾರವನ್ನೇ ಕೊಳ್ಳುತ್ತಾನೆ. ಇನ್ನೊಬ್ಬನು ಕೈಗೆ ಬಂದುದನ್ನೆಲ್ಲ ಷೇರುಪೇಟೆಗೆ ಸುರಿಯುತ್ತಾನೆ. ಇಬ್ಬರಿಗೂ ಲೆಕ್ಕ ಬರುತ್ತದೆ. ಹಾಗಾದರೆ ಈ ಭೇದವು ಎಲ್ಲಿಂದ ಬಂದಿತು? ಬುದ್ಧಿಯಿಂದಲ್ಲ, ಓದಿನಿಂದಲ್ಲ, ಅವರವರು ಬೆಳೆದ ಕಾಲದಿಂದ, ಮನೆಯಿಂದ, ಕಣ್ಣಾರೆ ಕಂಡ ಲಾಭನಷ್ಟಗಳಿಂದ ಎಂಬುದು ಕಳೆದ ಐವತ್ತು ವರ್ಷಗಳ ಸಂಶೋಧನೆಗಳಿಂದ ವ್ಯಕ್ತವಾಗಿರುವ ಸತ್ಯ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ನಾಣ್ಣುಡಿಯು ನಡತೆಗೆ ಮಾತ್ರವಲ್ಲ, ಹಣಕಾಸಿಗೂ ಅನ್ವಯಿಸುತ್ತದೆ. ಎಳೆತನದಲ್ಲಿ ನಾವು ಕಲಿಯುವ ಹಣದ ಮೊದಲ ಪಾಠವು ಅಂಕಿಗಳ ಪಾಠವಲ್ಲ, ನಂಬಿಕೆಯ ಪಾಠ. ನಾಳೆಯು ತನ್ನ ಮಾತನ್ನು ಉಳಿಸಿಕೊಳ್ಳುತ್ತದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಬಾಲ್ಯವು ಕೊಟ್ಟ ಉತ್ತರವೇ ಮುಂದೆ ಉಳಿತಾಯ, ಸಾಲ, ಹೂಡಿಕೆಗಳಲ್ಲಿ ಪ್ರಕಟವಾಗುತ್ತದೆ. ಈ ವಿಚಾರವನ್ನು ಕೆಲವು ನಿದರ್ಶನಗಳೊಡನೆ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮುಗ್ಗಟ್ಟಿನ ಮಕ್ಕಳು

ಈ ವಿಷಯದ ಅಧ್ಯಯನಕ್ಕೆ ಮುಖ್ಯವಾದ ಸಾಮಗ್ರಿಯನ್ನು ಒದಗಿಸಿದುದು ಅಮೆರಿಕದ ಮಹಾ ಆರ್ಥಿಕ ಮುಗ್ಗಟ್ಟು. ನ್ಯೂಯಾರ್ಕಿನ ಡೌ ಜೋನ್ಸ್ ಷೇರು ಸೂಚ್ಯಂಕವು 1929ರ ಸೆಪ್ಟೆಂಬರಿನಲ್ಲಿ 381 ಇದ್ದುದು 1932ರ ಜುಲೈ ವೇಳೆಗೆ 41ಕ್ಕೆ ಕುಸಿಯಿತು. ನೂರು ಡಾಲರು ಹೂಡಿದವನ ಕೈಯಲ್ಲಿ ಹನ್ನೊಂದು ಡಾಲರು ಉಳಿಯಿತೆಂದರ್ಥ. ಆ ಸೂಚ್ಯಂಕವು ಮತ್ತೆ ಹಳೆಯ ಎತ್ತರವನ್ನು ಮುಟ್ಟಿದುದು 1954ರ ನವೆಂಬರಿನಲ್ಲಿ. 1933ರಲ್ಲಿ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬನಿಗೆ ಉದ್ಯೋಗವಿರಲಿಲ್ಲ. ಸಾವಿರಾರು ಬ್ಯಾಂಕುಗಳು ಬಾಗಿಲು ಮುಚ್ಚಿದವು. ಠೇವಣಿದಾರರ ಜೀವಮಾನದ ಗಳಿಕೆ ಅವುಗಳೊಡನೆ ಮುಳುಗಿತು.

ಆಗ ಮಕ್ಕಳಾಗಿದ್ದವರು ಏನಾದರು? ಸಮಾಜವಿಜ್ಞಾನಿ ಗ್ಲೆನ್ ಎಲ್ಡರ್ ಅವರು 1974ರಲ್ಲಿ ಪ್ರಕಟಿಸಿದ ಗ್ರಂಥವು ಈ ಪ್ರಶ್ನೆಗೆ ಉತ್ತರವನ್ನು ಅರಸಿತು. ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದಲ್ಲಿ 1920–21ರಲ್ಲಿ ಜನಿಸಿದ 167 ಮಕ್ಕಳ ಜೀವನವನ್ನು ಬಾಲ್ಯದಿಂದ ನಡುವಯಸ್ಸಿನವರೆಗೆ ಅನುಸರಿಸಿದ ದಾಖಲೆಗಳು ಅದಕ್ಕೆ ಆಧಾರ. ಆದಾಯದ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡ ಮನೆಗಳಲ್ಲಿ ಗಂಡುಮಕ್ಕಳು ಶಾಲೆ ಬಿಟ್ಟ ಹೊತ್ತಿನಲ್ಲಿ ಕೂಲಿಗೆ ಹೋದರು. ಹೆಣ್ಣುಮಕ್ಕಳು ಮನೆಗೆಲಸದ ಹೊರೆಯನ್ನು ಹೊತ್ತರು. ಹಣವೆಂದರೆ ಏನು, ಅದು ಇಲ್ಲದಿದ್ದರೆ ತಂದೆಯ ಮುಖ ಹೇಗಾಗುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಲಿಲ್ಲ.

ಮುಂದೆ 2011ರಲ್ಲಿ ಉಲ್ರಿಕೆ ಮಾಲ್ಮೆಂಡಿಯರ್ ಮತ್ತು ಸ್ಟೀಫನ್ ನಾಗೆಲ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಕುಟುಂಬಗಳ ಹಣಕಾಸನ್ನು ಕುರಿತ 1960ರಿಂದ 2007ರವರೆಗಿನ ಸಮೀಕ್ಷೆಗಳನ್ನು ಪರಿಶೀಲಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ತಮ್ಮ ಜೀವಿತಕಾಲದಲ್ಲಿ ಷೇರುಪೇಟೆಯ ಕೆಟ್ಟ ದಿನಗಳನ್ನು ಹೆಚ್ಚಾಗಿ ಕಂಡವರು ಹಣದ ವಿಷಯದಲ್ಲಿ ಅಪಾಯಕ್ಕೆ ಅಂಜುತ್ತಾರೆ, ಷೇರುಗಳನ್ನು ಕೊಳ್ಳುವವರ ಸಂಖ್ಯೆಯು ಅವರಲ್ಲಿ ಕಡಿಮೆ, ಕೊಂಡರೂ ತಮ್ಮ ಹಣದ ಸಣ್ಣ ಪಾಲನ್ನು ಮಾತ್ರ ತೊಡಗಿಸುತ್ತಾರೆ ಎಂದು ಅವರು ತೋರಿಸಿದರು. ವಯಸ್ಸು, ಆದಾಯ, ವಿದ್ಯೆಗಳ ವ್ಯತ್ಯಾಸವನ್ನು ಕಳೆದ ಮೇಲೆಯೂ ಈ ಭೇದವು ಉಳಿಯಿತು. ಸಮೀಪದ ವರ್ಷಗಳ ಅನುಭವಕ್ಕೆ ತೂಕ ಹೆಚ್ಚು, ನಿಜ. ಆದರೆ ದಶಕಗಳ ಹಿಂದಿನ ಅನುಭವದ ಮುದ್ರೆಯೂ ಸಂಪೂರ್ಣವಾಗಿ ಅಳಿಸಿಹೋಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. 1929ರ ಕುಸಿತದ ವೃತ್ತಾಂತವನ್ನು ಎಲ್ಲರೂ ಓದಬಹುದು. ಅಂಕಿಗಳು ಎಲ್ಲರಿಗೂ ಒಂದೇ. ಆದರೂ ಓದಿದವನು ಬೇರೆ, ಬಾಳಿದವನು ಬೇರೆ. ಬೆಂಕಿ ಸುಡುತ್ತದೆಂದು ಕೇಳಿ ತಿಳಿದವನ ಎಚ್ಚರಕ್ಕೂ ಕೈ ಸುಟ್ಟುಕೊಂಡವನ ಎಚ್ಚರಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ.

ಒಂದೇ ಭಯ, ಬೇರೆ ಬೇರೆ ರೂಪ

ಅನುಭವವು ಬೇರೆಯಾದರೆ ಭಯದ ರೂಪವೂ ಬೇರೆಯಾಗುತ್ತದೆ. ಅಮೆರಿಕದವರು ಷೇರುಗಳ ಕುಸಿತವನ್ನು ಕಂಡರೆ, ಜರ್ಮನಿಯ ಜನರು 1923ರಲ್ಲಿ ಹಣವೇ ಕರಗಿಹೋದುದನ್ನು ಕಂಡರು. ಆ ವರ್ಷದ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕುಗಳನ್ನು ಕೊಡಬೇಕಾಯಿತು. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಕೂಡಿಟ್ಟ ನಿವೃತ್ತನ ಗಂಟು ಒಂದು ರೊಟ್ಟಿಗೂ ಸಾಲದಾಯಿತು. ಅಂಥ ಮನೆಯಲ್ಲಿ ಬೆಳೆದ ಮಗುವಿಗೆ ಕಾಗದದ ಹಣವೇ ಅಪಾಯವಾಗಿ ತೋರುವುದು ಸಹಜ. ಮಾಲ್ಮೆಂಡಿಯರ್ ಮತ್ತು ನಾಗೆಲ್ ಅವರೇ 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವು ಈ ಮಾತಿಗೆ ಪೋಷಕವಾಗಿದೆ. ಹಣದುಬ್ಬರದ ಕಾಲವನ್ನು ಬಾಳಿದವರು ಮುಂದೆಯೂ ಬೆಲೆಗಳು ಏರುವುವೆಂದೇ ನಿರೀಕ್ಷಿಸುತ್ತಾರೆ, ತಮ್ಮ ಸಾಲ ಹೂಡಿಕೆಗಳನ್ನು ಅದಕ್ಕೆ ತಕ್ಕಂತೆ ನಡೆಸುತ್ತಾರೆ ಎಂದು ಅಮೆರಿಕದ ದಾಖಲೆಗಳಿಂದ ಅವರು ಸ್ಪಷ್ಟಪಡಿಸಿದ್ದಾರೆ.

ಇನ್ನೊಂದು ನಿದರ್ಶನವು ಫಿನ್ಲೆಂಡಿನದು. 1990ರ ದಶಕದ ಆರಂಭದಲ್ಲಿ ಆ ಸಣ್ಣ ದೇಶವು ಘೋರವಾದ ಆರ್ಥಿಕ ಮುಗ್ಗಟ್ಟಿಗೆ ಸಿಲುಕಿತು. ನೂರಕ್ಕೆ ಮೂರರಷ್ಟಿದ್ದ ನಿರುದ್ಯೋಗವು ಕೆಲವೇ ವರ್ಷಗಳಲ್ಲಿ ನೂರಕ್ಕೆ ಹದಿನಾರನ್ನು ಮೀರಿತು. ಆಗ ಉದ್ಯೋಗಕ್ಕೆ ಪೆಟ್ಟು ತಿಂದವರು ಅನೇಕ ವರ್ಷಗಳ ಅನಂತರವೂ ಷೇರುಗಳಿಂದ ದೂರ ಉಳಿದರೆಂದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಹೇಳುತ್ತದೆ. ಅದಕ್ಕಿಂತ ಗಮನಾರ್ಹವಾದುದೆಂದರೆ, ತಮಗೆ ನೇರವಾಗಿ ಪೆಟ್ಟು ಬೀಳದಿದ್ದರೂ ಮನೆಯವರ, ನೆರೆಹೊರೆಯವರ ಕಷ್ಟವನ್ನು ಕಂಡವರಲ್ಲಿಯೂ ಅದೇ ಹಿಂಜರಿಕೆ ಕಾಣಿಸಿಕೊಂಡಿತು. ಪಕ್ಕದ ಮನೆಯ ಬೀಗವೂ ನಮ್ಮ ಮನೆಯ ಮಗುವಿಗೆ ಪಾಠವನ್ನು ಹೇಳುತ್ತದೆ.

ಕಾಯುವ ಮಗು

ಉಳಿತಾಯವೆಂದರೆ ಕಾಯುವುದು. ಇಂದಿನ ಸುಖವನ್ನು ನಾಳೆಗೆ ಮುಂದೂಡುವ ಶಕ್ತಿಯೇ ಅದರ ಮೂಲ. ಈ ಶಕ್ತಿಯು ಹುಟ್ಟಿನಿಂದ ಬರುತ್ತದೆಯೇ, ಕಲಿಕೆಯಿಂದ ಬರುತ್ತದೆಯೇ? ಮನೋವಿಜ್ಞಾನಿ ವಾಲ್ಟರ್ ಮಿಷೆಲ್ ಅವರು 1960ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಿಶುವಿಹಾರದಲ್ಲಿ ನಡೆಸಿದ ಪ್ರಯೋಗಗಳು ಲೋಕಪ್ರಸಿದ್ಧವಾಗಿವೆ. ಮಗುವಿನ ಮುಂದೆ ಒಂದು ಮಿಠಾಯಿಯನ್ನಿಟ್ಟು, ಸ್ವಲ್ಪ ಹೊತ್ತು ತಿನ್ನದೆ ಕಾದರೆ ಎರಡನೆಯದನ್ನು ಕೊಡುವುದಾಗಿ ಹೇಳುವುದು ಆ ಪ್ರಯೋಗ. ಕಾದ ಮಕ್ಕಳು ಮುಂದೆ ವಿದ್ಯೆಯಲ್ಲಿಯೂ ಮೇಲಾದರೆಂದು ಬಹುಕಾಲ ಹೇಳಲಾಯಿತು. ಆದರೆ 2018ರಲ್ಲಿ ಹೆಚ್ಚು ಸಂಖ್ಯೆಯ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ, ಕುಟುಂಬದ ಹಿನ್ನೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಸಂಬಂಧವು ಬಹುಮಟ್ಟಿಗೆ ಕ್ಷೀಣಿಸಿತು.

ಇದರ ರಹಸ್ಯವನ್ನು ಬಿಡಿಸುವ ಒಂದು ಪುಟ್ಟ ಪ್ರಯೋಗವು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ನಡೆದು 2013ರಲ್ಲಿ ಪ್ರಕಟವಾಯಿತು. ಮೂರರಿಂದ ಐದು ವರ್ಷದ 28 ಮಕ್ಕಳನ್ನು ಎರಡು ಗುಂಪು ಮಾಡಿದರು. ಮೊದಲು ಎಲ್ಲ ಮಕ್ಕಳಿಗೂ ಚಿತ್ರ ಬಿಡಿಸಲು ಸಾಧಾರಣವಾದ ಬಣ್ಣದ ಕಡ್ಡಿಗಳನ್ನು ಕೊಟ್ಟು, ಸ್ವಲ್ಪ ಕಾದರೆ ಉತ್ತಮವಾದವನ್ನು ತಂದುಕೊಡುವುದಾಗಿ ಹೇಳಿದರು. ಒಂದು ಗುಂಪಿಗೆ ಹೇಳಿದಂತೆಯೇ ತಂದುಕೊಟ್ಟರು. ಇನ್ನೊಂದು ಗುಂಪಿಗೆ ‘ಇಲ್ಲ, ಮುಗಿದುಹೋಗಿವೆ’ ಎಂದು ಬರಿಗೈಯಲ್ಲಿ ಮರಳಿದರು. ಹೀಗೆ ಎರಡು ಸಲ ಮಾಡಿದ ಮೇಲೆ ಮಿಠಾಯಿಯ ಪರೀಕ್ಷೆ ನಡೆಯಿತು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡ ಮಕ್ಕಳು ಕಾದುದು ಮೂರು ನಿಮಿಷ. ಪೂರ್ತಿ ಹದಿನೈದು ನಿಮಿಷ ಕಾದವರು ಮೊದಲ ಗುಂಪಿನ ಹದಿನಾಲ್ವರಲ್ಲಿ ಒಂಬತ್ತು ಮಂದಿ. ಎರಡನೆಯ ಗುಂಪಿನಲ್ಲಿ ಒಬ್ಬನೇ.

ಈ ಪ್ರಯೋಗದ ತಾತ್ಪರ್ಯವು ಗಹನವಾದುದು. ಕಾಯದೆ ತಿಂದ ಮಗುವು ಅವಿವೇಕಿಯಲ್ಲ. ಎರಡು ಸಲ ಮಾತು ತಪ್ಪಿದವನನ್ನು ಮೂರನೆಯ ಸಲ ನಂಬದಿರುವುದೇ ವಿವೇಕ. ಬಡವರು ಕೂಡಿಡುವುದಿಲ್ಲ, ಕೈಗೆ ಬಂದುದನ್ನು ಅಂದೇ ಖರ್ಚುಮಾಡುತ್ತಾರೆ ಎಂದು ಉಳ್ಳವರು ಆಡುವ ಮಾತನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಪರಿಶೀಲಿಸಬೇಕಾಗಿದೆ. ಯಾವ ಮಗುವಿನ ಪಾಲಿಗೆ ನಾಳೆಯು ಮತ್ತೆ ಮತ್ತೆ ಬರಿಗೈಯಲ್ಲಿ ಬಂದಿದೆಯೋ ಅದಕ್ಕೆ ಉಳಿತಾಯದ ಉಪದೇಶವು ರುಚಿಸುವುದು ಹೇಗೆ?

ನಮ್ಮ ನಾಡಿನ ನಿದರ್ಶನಗಳು

ಹೊರದೇಶಗಳ ಸಂಶೋಧನೆಯು ಹೇಳುವುದನ್ನು ನಮ್ಮ ನಾಡಿನ ಇತಿಹಾಸವೂ ತನ್ನದೇ ರೀತಿಯಲ್ಲಿ ಹೇಳುತ್ತದೆ. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವ ಪದ್ಧತಿ ಇತ್ತು. ಮಳೆಯನ್ನು ನಂಬದ ರೈತನ ಬ್ಯಾಂಕು ಅದು. 1876–78ರ ಮಹಾಕ್ಷಾಮದ ಕ್ರೌರ್ಯವನ್ನು ಜನಗಣತಿಯೇ ಸಾರುತ್ತದೆ: 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ಕಾಲವನ್ನು ಬಾಳಿ ಉಳಿದವರು ಮಕ್ಕಳಿಗೆ ಹೇಳಿಕೊಟ್ಟ ಅರ್ಥಶಾಸ್ತ್ರವು ಬಡ್ಡಿಯದಲ್ಲ, ಕಾಳಿನದು.

ಬಂಗಾರದ ಮೋಹವನ್ನೂ ಹೀಗೆಯೇ ತಿಳಿಯಬೇಕು. ಭಾರತೀಯ ರಿಸರ್ವ್ ಬ್ಯಾಂಕು ನೇಮಿಸಿದ ಕುಟುಂಬ ಹಣಕಾಸು ಸಮಿತಿಯು 2017ರಲ್ಲಿ ಕೊಟ್ಟ ವರದಿಯಂತೆ, ಭಾರತದ ಸಾಮಾನ್ಯ ಕುಟುಂಬದ ಸಂಪತ್ತಿನಲ್ಲಿ ನೂರಕ್ಕೆ 84ರಷ್ಟು ಮನೆ, ಜಮೀನು ಮೊದಲಾದ ಸ್ಥಿರ ಹಾಗೂ ಭೌತಿಕ ಆಸ್ತಿ, 11ರಷ್ಟು ಬಂಗಾರ, ಬ್ಯಾಂಕು, ವಿಮೆ, ಷೇರು ಮೊದಲಾದ ಹಣಕಾಸಿನ ರೂಪದಲ್ಲಿರುವುದು 5ರಷ್ಟು ಮಾತ್ರ. ಇದನ್ನು ಅಜ್ಞಾನವೆಂದು ಕರೆಯುವುದು ಸುಲಭ. ಆದರೆ ಜಮೀನು ತನ್ನ ಹೆಸರಿನಲ್ಲಿಲ್ಲದ, ತವರಿನ ಆಸ್ತಿಯಲ್ಲಿ ಪಾಲಿಲ್ಲದ ಹೆಣ್ಣುಮಗಳಿಗೆ ಕೊರಳಿನ ಸರವೊಂದೇ ಸ್ವಂತವಾಗಿತ್ತು. ಕಷ್ಟ ಬಂದಾಗ ಅಡವಿಡಲು ಅದೊಂದೇ ಇತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಂತೆ ಹಕ್ಕನ್ನು ಕೊಡುವ ತಿದ್ದುಪಡಿಯು ಕರ್ನಾಟಕದಲ್ಲಿ ಬಂದುದು 1994ರಲ್ಲಿ, ದೇಶಕ್ಕೆಲ್ಲ ಅನ್ವಯವಾಗುವಂತೆ ಬಂದುದು 2005ರಲ್ಲಿ. ತಾಯಿಯ ಬಳೆಗಳು ಮನೆಯನ್ನು ಉಳಿಸಿದುದನ್ನು ಕಂಡ ಮಗಳು ಬಂಗಾರವನ್ನು ನಂಬಿದರೆ ಅದು ಮೌಢ್ಯವಲ್ಲ, ಕಣ್ಣಾರೆ ಕಂಡ ಪಾಠ.

ಅನುಭವವು ಕೇವಲ ಭಯವನ್ನೇ ಕಲಿಸುವುದಿಲ್ಲ, ನಂಬಿಕೆಯನ್ನೂ ಕಲಿಸುತ್ತದೆ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸ್ಥಾಪಿತವಾದ ಕೃಷಿ ಸಹಕಾರ ಪತ್ತಿನ ಸಂಘವು ದೇಶದಲ್ಲಿಯೇ ಮೊದಲನೆಯದೆಂಬ ಕೀರ್ತಿಗೆ ಪಾತ್ರವಾಗಿದೆ. ಸಾಹುಕಾರನ ಸಾಲದ ಹೊರತು ಬೇರೆ ಸಾಲವನ್ನು ಕಾಣದ ರೈತನ ಮಕ್ಕಳು, ಊರವರೇ ಕೂಡಿ ಕಟ್ಟಿದ ಸಂಘವೊಂದು ಸಾಲ ಕೊಡಬಲ್ಲದೆಂಬುದನ್ನು ಅಲ್ಲಿ ಕಂಡರು.

ಇನ್ನೊಂದು ಉಜ್ಜ್ವಲ ನಿದರ್ಶನವು ಉಡುಪಿಯದು. ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಅವರು 1925ರಲ್ಲಿ ಸ್ಥಾಪಿಸಿದ ಸಂಸ್ಥೆಯು ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಯಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯ ಯೋಜನೆಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಬ್ಯಾಂಕಿನ ಪ್ರತಿನಿಧಿಯು ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದನು. ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ ಬಡ್ಡಿಯ ಹೊರತಾಗಿ 45 ರೂಪಾಯಿ 10 ಆಣೆ. ಹನಿಗೂಡಿದರೆ ಹಳ್ಳವೆಂಬ ಮಾತು ಅಲ್ಲಿ ಲೆಕ್ಕವಾಗಿ ಕಾಣುತ್ತಿತ್ತು. ಅದಕ್ಕಿಂತಲೂ ಮಿಗಿಲಾದುದು ಮನೆಯ ಮಕ್ಕಳು ನೋಡಿ ಕಲಿತ ಪಾಠ: ಒಬ್ಬ ವ್ಯಕ್ತಿಯು ದಿನವೂ ಬರುತ್ತಾನೆ, ಹಣವನ್ನು ಪಡೆದು ಬರೆದುಕೊಡುತ್ತಾನೆ, ಹೇಳಿದ ದಿನ ಹಣವು ಬಡ್ಡಿಸಹಿತ ಮರಳುತ್ತದೆ. ರಾಚೆಸ್ಟರಿನ ಪ್ರಯೋಗದಲ್ಲಿ ಬಣ್ಣದ ಕಡ್ಡಿಗಳು ಮಾಡಿದ ಕೆಲಸವನ್ನು ಇಲ್ಲಿ ಎರಡಾಣೆಯು ಮಾಡಿತು. ಕರಾವಳಿಯ ಜಿಲ್ಲೆಗಳು ಬ್ಯಾಂಕುಗಳ ತೊಟ್ಟಿಲೆಂದು ಹೆಸರಾದುದರ ಹಿಂದೆ ಇಂಥ ದಿನನಿತ್ಯದ ನಂಬಿಕೆಯ ಪಾಲು ದೊಡ್ಡದು.

ಇದಕ್ಕೆ ವ್ಯತಿರಿಕ್ತವಾದ ಪ್ರಸಂಗಗಳೂ ನಡೆದಿವೆ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಚ್ಚಿದಾಗ ಸಾವಿರಾರು ಕುಟುಂಬಗಳು ತತ್ತರಿಸಿದವು. ಆ ಆಘಾತದ ಫಲವಾಗಿ 1962ರಲ್ಲಿ ಠೇವಣಿ ವಿಮಾ ನಿಗಮವು ಅಸ್ತಿತ್ವಕ್ಕೆ ಬಂದಿತು. ಆಗ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 1,500 ರೂಪಾಯಿಯವರೆಗೆ ರಕ್ಷಣೆಯಿತ್ತು. ಅದು 1993ರಲ್ಲಿ 1 ಲಕ್ಷಕ್ಕೂ 2020ರ ಫೆಬ್ರವರಿಯಲ್ಲಿ 5 ಲಕ್ಷಕ್ಕೂ ಏರಿತು. ಕಾನೂನು ಬದಲಾಯಿತು, ಆದರೆ ಮುಚ್ಚಿದ ಬಾಗಿಲಿನ ಮುಂದೆ ತಂದೆಯು ನಿಂತುದನ್ನು ಕಂಡ ಮಗುವಿನ ಮನಸ್ಸು ಕಾನೂನಿನಷ್ಟು ಬೇಗ ಬದಲಾಗುವುದಿಲ್ಲ.

ಭಯದ ಬೆಲೆ, ನಿರ್ಭಯದ ಬೆಲೆ

ಬಾಲ್ಯದ ಪಾಠವು ಆ ಕಾಲಕ್ಕೆ ಸರಿಯಾಗಿದ್ದರೂ ಕಾಲ ಬದಲಾದ ಮೇಲೆ ಅದೇ ಪಾಠವು ನಷ್ಟಕ್ಕೆ ಕಾರಣವಾಗಬಹುದು. ಹಣವನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವವನು ಕಳ್ಳನಿಂದ ಪಾರಾಗಬಹುದು, ಬೆಲೆಯೇರಿಕೆಯಿಂದ ಪಾರಾಗಲಾರನು. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಅವು ಇಮ್ಮಡಿಯಾಗುತ್ತವೆ. ಅಂದರೆ ಪೆಟ್ಟಿಗೆಯೊಳಗಿನ ನೂರು ರೂಪಾಯಿ ಕೊಳ್ಳುವ ಶಕ್ತಿಯಲ್ಲಿ ಐವತ್ತಾಗುತ್ತದೆ. ಹತ್ತು ವರ್ಷದ ಮಗಳ ಉನ್ನತ ವಿದ್ಯಾಭ್ಯಾಸಕ್ಕೆಂದು ಇಟ್ಟ ಹಣವು ಅವಳು ಪದವಿ ಮುಗಿಸುವ ಹೊತ್ತಿಗೆ ಅರ್ಧವಾಗಿರುತ್ತದೆ. ಇದು ಭಯಕ್ಕೆ ತೆರುವ ಬೆಲೆ.

ನಿರ್ಭಯಕ್ಕೂ ಬೆಲೆಯಿದೆ. ಏರುಪೇಟೆಯನ್ನು ಮಾತ್ರ ಕಂಡು ಬೆಳೆದವರಿಗೆ ಇಳಿತವೆಂಬುದು ಪುಸ್ತಕದ ಮಾತು. ಕೋವಿಡ್ ರೋಗದ ಭಯದಿಂದ ಮುಂಬಯಿಯ ಸೆನ್ಸೆಕ್ಸ್ ಸೂಚ್ಯಂಕವು 2020ರ ಮಾರ್ಚ್ 23ರಂದು 25,981ಕ್ಕೆ ಇಳಿದಿತ್ತು. 2024ರ ಸೆಪ್ಟೆಂಬರಿನಲ್ಲಿ ಅದು 85,000ವನ್ನು ದಾಟಿತು. ಈ ಏರಿಕೆಯ ಅವಧಿಯಲ್ಲಿ ದೇಶದ ಡಿಮ್ಯಾಟ್ ಖಾತೆಗಳ ಸಂಖ್ಯೆಯು 2020ರ ಮಾರ್ಚಿನ ಸುಮಾರು 4 ಕೋಟಿಯಿಂದ 2025ರ ಮಾರ್ಚಿನಲ್ಲಿ 19 ಕೋಟಿಗೆ ಬೆಳೆಯಿತು. ಹೊಸದಾಗಿ ಬಂದವರಲ್ಲಿ ಬಹಳ ಮಂದಿ ತರುಣರು. ಉಳಿತಾಯದ ಒಂದು ಪಾಲನ್ನು ದೀರ್ಘಕಾಲಕ್ಕೆ ತೊಡಗಿಸುವುದು ತಪ್ಪಲ್ಲ. ಆದರೆ ಅನೇಕರು ತ್ವರಿತ ಲಾಭದ ಆಸೆಯಿಂದ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗೆ ಇಳಿದರು. ಸೆಬಿ ಸಂಸ್ಥೆಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2024ರ ಮಾರ್ಚಿಗೆ ಮುಗಿದ ಮೂರು ಆರ್ಥಿಕ ವರ್ಷಗಳಲ್ಲಿ ಹೀಗೆ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಅವರಲ್ಲಿ ಮೂವತ್ತು ವರ್ಷದೊಳಗಿನವರ ಪ್ರಮಾಣವು ಒಂದೇ ವರ್ಷದಲ್ಲಿ ನೂರಕ್ಕೆ 31ರಿಂದ 43ಕ್ಕೆ ಏರಿತು. ಈ ತರುಣರು ನಮ್ಮ ನಿಮ್ಮ ಶಾಲೆಗಳಲ್ಲಿ ಓದಿದವರು. ಶೇಕಡಾವಾರು ಲೆಕ್ಕವನ್ನು ಬಲ್ಲವರು. ಐವತ್ತು ಪಾಲು ಕಳೆದುಕೊಂಡವನು ಮೊದಲಿನ ಸ್ಥಿತಿಗೆ ಮರಳಲು ಉಳಿದುದರ ಮೇಲೆ ನೂರಕ್ಕೆ ನೂರು ಗಳಿಸಬೇಕೆಂಬುದು ಅವರಿಗೆ ಗೊತ್ತು. ಗೊತ್ತಿದ್ದುದು ಅನುಭವವಾಗಿರಲಿಲ್ಲ, ಅಷ್ಟೆ.

ಹೀಗೆ, ಕೆಡುಕನ್ನು ಮಾತ್ರ ಕಂಡವನು ಒಂದು ದಡದಲ್ಲಿಯೂ ಒಳಿತನ್ನು ಮಾತ್ರ ಕಂಡವನು ಇನ್ನೊಂದು ದಡದಲ್ಲಿಯೂ ಎಡವುತ್ತಾನೆ. ಇಬ್ಬರ ದೋಷವೂ ಒಂದೇ: ತಾವು ಕಂಡ ತುಣುಕನ್ನೇ ಇಡೀ ಲೋಕವೆಂದು ಬಗೆಯುವುದು.

ಅನುಭವವು ವಿಧಿಯಲ್ಲ

ಹಾಗಾದರೆ ಬಾಲ್ಯವು ನಮ್ಮ ಹಣೆಬರಹವೇ? ಅಲ್ಲವೆಂಬುದಕ್ಕೆ ಸಾಕಷ್ಟು ಆಧಾರಗಳಿವೆ. ಎಲ್ಡರ್ ಅವರ ಓಕ್ಲೆಂಡಿನ ಮಕ್ಕಳಲ್ಲಿ ಕಷ್ಟವನ್ನು ಉಂಡ ಅನೇಕರು ಹೊಣೆಯರಿತ, ಸ್ಥಿರವಾದ ಬಾಳನ್ನು ಬಾಳಿದರು. ಮನೆಗೆ ತಮ್ಮ ದುಡಿಮೆಯು ಬೇಕಾಗಿದೆ ಎಂಬ ಅರಿವು ಅವರನ್ನು ಗಟ್ಟಿಗೊಳಿಸಿತು. ಆದರೆ ಬರ್ಕ್ಲಿ ನಗರದಲ್ಲಿ 1928–29ರಲ್ಲಿ ಹುಟ್ಟಿ, ತೀರ ಎಳೆಯ ವಯಸ್ಸಿನಲ್ಲಿಯೇ ಮುಗ್ಗಟ್ಟಿಗೆ ಸಿಲುಕಿದ ಗಂಡುಮಕ್ಕಳಿಗೆ ಆ ಪೆಟ್ಟು ಹೆಚ್ಚು ಆಳವಾಯಿತು. ಅದೇ ಕಷ್ಟವು ಹೊರಬಲ್ಲ ವಯಸ್ಸಿನಲ್ಲಿ ಬಂದು, ಮಗುವಿಗೊಂದು ಪಾತ್ರವನ್ನೂ ಕೊಟ್ಟರೆ ಶಿಕ್ಷಣವಾಗುತ್ತದೆ. ಹೊರಲಾರದ ವಯಸ್ಸಿನಲ್ಲಿ ಬಂದರೆ ಗಾಯವಾಗುತ್ತದೆ.

ಸ್ವೀಡನ್ನಿನಲ್ಲಿ ಅವಳಿಗಳನ್ನು ಹೋಲಿಸಿ ನಡೆಸಿದ ಅಧ್ಯಯನಗಳು ಉಳಿತಾಯ ಹಾಗೂ ಹೂಡಿಕೆಯ ಸ್ವಭಾವದಲ್ಲಿ ಜನರ ನಡುವಣ ಭೇದದ ಸುಮಾರು ಮೂರನೆಯ ಒಂದು ಪಾಲು ಹುಟ್ಟಿನಿಂದ ಬಂದುದೆಂದು ಹೇಳುತ್ತವೆ. ಬೆಳೆಸಿದ ಮನೆಯ ಪ್ರಭಾವವು ತಾರುಣ್ಯದಲ್ಲಿ ಬಲವಾಗಿದ್ದು, ಸ್ವಂತ ಅನುಭವವು ಕೂಡಿದಂತೆಲ್ಲ ಕುಗ್ಗುತ್ತದೆಂದೂ ಅವು ತೋರಿಸುತ್ತವೆ. ಇದು ಆಶಾದಾಯಕವಾದ ಮಾತು. ಹಳೆಯ ಅನುಭವವನ್ನು ಹೊಸ ಅನುಭವದಿಂದ ತಿದ್ದಬಹುದು ಎಂದಾಯಿತು.

ಇದಕ್ಕೆ ಮೊದಲ ಹೆಜ್ಜೆಯು ಆತ್ಮಪರೀಕ್ಷೆ. ಹಣದ ವಿಷಯದಲ್ಲಿ ದೊಡ್ಡ ನಿರ್ಧಾರವನ್ನು ಕೈಕೊಳ್ಳುವ ಮುನ್ನ ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳಿವೆ. ಒಂದು, ನಾನು ಬೆಳೆದ ಮನೆಯಲ್ಲಿ ಹಣದ ಮಾತು ಯಾವ ದನಿಯಲ್ಲಿ ಬರುತ್ತಿತ್ತು. ಜಗಳವಾಗಿಯೇ, ಗುಟ್ಟಾಗಿಯೇ, ಲೆಕ್ಕವಾಗಿಯೇ? ಎರಡು, ಯಾರ ನಷ್ಟವನ್ನು ನಾನು ಕಣ್ಣಾರೆ ಕಂಡೆನು, ಯಾರ ಲಾಭವನ್ನು ಕಂಡೆನು? ಮೂರು, ಆಗ ಇದ್ದ ಅಪಾಯವು ಈಗಲೂ ಇದೆಯೇ. ಅಥವಾ ಠೇವಣಿ ವಿಮೆಯಂಥ ರಕ್ಷಣೆಯು ನಡುವೆ ಬಂದಿದೆಯೇ? ನಾಲ್ಕು, ನಾನು ಕಾಣದೆ ಇರುವ ಅಪಾಯ ಯಾವುದು? ಭಯಸ್ಥನಿಗೆ ಮೂರನೆಯ ಪ್ರಶ್ನೆಯೂ ಸಾಹಸಿಗೆ ನಾಲ್ಕನೆಯ ಪ್ರಶ್ನೆಯೂ ಔಷಧಿಯಾಗಬಲ್ಲವು.

ಶಾಲೆಯ ಪಾತ್ರ

ಈಗ ಅಧ್ಯಾಪಕರ ಹೊಣೆಯನ್ನು ಪರಿಶೀಲಿಸೋಣ. ಹಣಕಾಸಿನ ಶಿಕ್ಷಣವನ್ನು ಕುರಿತ ಸಂಶೋಧನೆಗಳನ್ನು ಒಟ್ಟುಗೂಡಿಸಿದ 2014ರ ಒಂದು ಪರಿಶೀಲನೆಯು ಅಂಥ ಬೋಧನೆಯಿಂದ ಜನರ ನಡವಳಿಕೆಯಲ್ಲಿ ಆಗುವ ವ್ಯತ್ಯಾಸವು ಅತ್ಯಲ್ಪವೆಂದು ಹೇಳಿತು. 76 ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಮತ್ತೊಂದು ಪರಿಶೀಲನೆಯು ಪ್ರಯೋಜನವುಂಟೆಂದು ತೋರಿಸಿತು. ಬ್ರೆಜಿಲ್ ದೇಶದ ಪ್ರೌಢಶಾಲೆಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ವಿದ್ಯಾರ್ಥಿಗಳ ಜ್ಞಾನವೂ ಉಳಿತಾಯವೂ ಹೆಚ್ಚಿದವು. ಜತೆಗೇ ಕೆಲವರು ದುಬಾರಿ ಸಾಲವನ್ನು ಮಾಡಿ ವಸ್ತುಗಳನ್ನು ಕೊಳ್ಳುವುದೂ ಹೆಚ್ಚಿತು. ಪಾಠ ಹೇಳುವುದು ಅವಶ್ಯ, ಆದರೆ ಪಾಠವೊಂದೇ ಸಾಲದು ಎಂಬುದು ಇವುಗಳ ಸಾರ. ಪಾಠದ ಜತೆಗೆ ಅಭ್ಯಾಸವೂ ಬೇಕು.

ನಮ್ಮ ದೇಶದ ಹಲವು ಶಾಲೆಗಳಲ್ಲಿ ಹಿಂದೆ ‘ಸಂಚಯಿಕಾ’ ಎಂಬ ಹೆಸರಿನ ಉಳಿತಾಯ ಬ್ಯಾಂಕುಗಳನ್ನು ವಿದ್ಯಾರ್ಥಿಗಳೇ ನಡೆಸುತ್ತಿದ್ದರು. ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸುವುದಕ್ಕೆ ಅವಕಾಶವನ್ನು ಕೊಡಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲಿ ಬ್ಯಾಂಕುಗಳಿಗೆ ತಿಳಿಸಿದೆ. ಉಗಾಂಡ ದೇಶದ ಪ್ರಾಥಮಿಕ ಶಾಲೆಗಳಲ್ಲಿ ನಡೆದ ಒಂದು ಪ್ರಯೋಗವು ಇಲ್ಲಿ ಮಾರ್ಗದರ್ಶಕವಾಗಿದೆ. ಮಕ್ಕಳು ಕೂಡಿಟ್ಟ ಹಣವನ್ನು ಪುಸ್ತಕಾದಿಗಳಿಗೇ ಬಳಸಬೇಕೆಂದು ಚೀಟಿಯ ರೂಪದಲ್ಲಿ ಕೊಟ್ಟ ಶಾಲೆಗಳಿಗಿಂತ, ನಗದಾಗಿ ಅವರ ಕೈಗೇ ಕೊಟ್ಟ ಶಾಲೆಗಳಲ್ಲಿ ಮಕ್ಕಳು ಹೆಚ್ಚು ಕೂಡಿಟ್ಟರು. ನಗದಿನೊಡನೆ ತಂದೆತಾಯಿಗಳಿಗೂ ತಿಳಿವಳಿಕೆಯನ್ನು ಕೊಟ್ಟ ಕಡೆ ವಿದ್ಯಾಭ್ಯಾಸದ ಫಲವೂ ಸುಧಾರಿಸಿತು. ತನ್ನ ಹಣವು ತನ್ನದಾಗಿಯೇ ಮರಳುತ್ತದೆಂಬ ಭರವಸೆಯೇ ಉಳಿತಾಯದ ಬೇರು.

ಆದ್ದರಿಂದ ಶಾಲೆಯಲ್ಲಿ ಹಣದ ಪಾಠವು ಗಣಿತದ ಗಂಟೆಯಲ್ಲಿ ಮಾತ್ರ ನಡೆಯುವುದಿಲ್ಲ. ಪ್ರವಾಸಕ್ಕೆಂದು ಸಂಗ್ರಹಿಸಿದ ಹಣದ ಉಳಿಕೆಯನ್ನು ಲೆಕ್ಕಸಹಿತ ಮರಳಿಸಿದಾಗ ಅದು ನಡೆಯುತ್ತದೆ. ಬಹುಮಾನವನ್ನು ಹೇಳಿದ ದಿನ ಕೊಟ್ಟಾಗ ನಡೆಯುತ್ತದೆ. ಶುಲ್ಕ ಕಟ್ಟಲಾರದ ಹುಡುಗನ ಹೆಸರನ್ನು ತರಗತಿಯಲ್ಲಿ ಕೂಗದೆ, ಅವನ ತಂದೆಯನ್ನು ಪ್ರತ್ಯೇಕವಾಗಿ ಕರೆದು ಮಾತನಾಡಿದಾಗಲೂ ನಡೆಯುತ್ತದೆ. ಹಣದ ಕೊರತೆಯು ಅವಮಾನವಲ್ಲವೆಂದು ಕಲಿತ ಹುಡುಗನು ಮುಂದೆ ಸಾಲವನ್ನು ಮುಚ್ಚಿಡುವುದಿಲ್ಲ, ಆಡಂಬರಕ್ಕಾಗಿ ಸಾಲವನ್ನು ಮಾಡುವುದೂ ಇಲ್ಲ.

ಉಪಸಂಹಾರ

ದಾನಿಗಳಿಗೂ ಈ ವಿಚಾರವು ಸಂಬಂಧಿಸಿದೆ. ವಿದ್ಯಾರ್ಥಿವೇತನದ ಹಿರಿಮೆಯನ್ನು ನಾವು ಅದರ ಮೊತ್ತದಿಂದ ಅಳೆಯುತ್ತೇವೆ. ಆದರೆ ಪಡೆಯುವ ಮಗುವಿನ ಪಾಲಿಗೆ ಮೊತ್ತದಷ್ಟೇ ಮುಖ್ಯವಾದುದು ಅದರ ನಿಯಮ. ಒಮ್ಮೆ ಬಂದು ಮರುವರ್ಷ ನಿಂತುಹೋಗುವ ದೊಡ್ಡ ನೆರವಿಗಿಂತ, ಪ್ರತಿವರ್ಷ ಜೂನ್ ತಿಂಗಳಿನಲ್ಲಿ ತಪ್ಪದೆ ಬರುವ ಚಿಕ್ಕ ನೆರವು ಹೆಚ್ಚಿನದನ್ನು ಕಲಿಸುತ್ತದೆ. ವಿದ್ಯಾರ್ಥಿನಿಲಯದಲ್ಲಿ ಹೊತ್ತಿಗೆ ಸರಿಯಾಗಿ ಬಾರಿಸುವ ಊಟದ ಗಂಟೆಯೂ ಇದೇ ಬಗೆಯ ಪಾಠ. ಬರಗಾಲದ ಊರಿನಿಂದ ಬಂದ ಹುಡುಗನಿಗೆ ಆ ಗಂಟೆಯು ಹೇಳುವುದು ಊಟ ಸಿದ್ಧವಾಗಿದೆ ಎಂದಷ್ಟೇ ಅಲ್ಲ. ನಾಳೆಯನ್ನು ನಂಬಬಹುದು ಎಂದು. ಅದನ್ನು ನಂಬಿದ ಹುಡುಗನೇ ಮುಂದೆ ದುಡಿದು ಉಳಿಸುವವನಾಗುತ್ತಾನೆ, ಉಳಿಸಿದುದರಲ್ಲಿ ಕೊಡುವವನೂ ಆಗುತ್ತಾನೆ.

ನಾವು ಹುಟ್ಟುವ ಕಾಲವನ್ನು ಆರಿಸಿಕೊಳ್ಳುವುದು ನಮ್ಮ ಕೈಯಲ್ಲಿಲ್ಲ. ಕ್ಷಾಮವೋ ಸುಭಿಕ್ಷವೋ, ಏರುಪೇಟೆಯೋ ಇಳಿಪೇಟೆಯೋ, ಬಂದುದನ್ನು ಬಾಳಬೇಕು. ಆದರೆ ಒಂದು ಮಗುವಿಗೆ ನಾವು ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ತಂದೆತಾಯಿಗಳು ಮನೆಯ ಲೆಕ್ಕವನ್ನು ಮಕ್ಕಳ ವಯಸ್ಸಿಗೆ ತಕ್ಕಂತೆ ಬಿಚ್ಚಿ ಹೇಳಲಿ. ಹಿರಿಯ ವಿದ್ಯಾರ್ಥಿಗಳು ತಮ್ಮ ಲಾಭದ ಜತೆಗೆ ನಷ್ಟದ ವೃತ್ತಾಂತವನ್ನೂ ಕಿರಿಯರಿಗೆ ತಿಳಿಸಲಿ. ಅಧ್ಯಾಪಕರು ಲೆಕ್ಕವನ್ನು ಕಲಿಸುವುದರೊಡನೆ ಲೆಕ್ಕ ಒಪ್ಪಿಸುವುದನ್ನೂ ನಡೆದು ತೋರಿಸಲಿ. ಹಾಗೆ ಬೆಳೆದ ಪೀಳಿಗೆಯು ಹಣಕ್ಕೆ ಅಂಜುವುದೂ ಇಲ್ಲ, ಮರುಳಾಗುವುದೂ ಇಲ್ಲ. ಅದನ್ನು ಕೈಯಾಳಿನಂತೆ ದುಡಿಸಿಕೊಂಡು ಬಾಳುತ್ತದೆ.